ವಾಂಡಲ್ ನದಿಯ ನೀರು ಎಲ್ಲಿ ಹೋಯಿತು?

ಇಂಗ್ಲೆಂಡಿನಲ್ಲಿ ಕೆಲವು ವರ್ಷಗಳಿಂದ ನದಿಗಳ ಬಗ್ಗೆ ದೊಡ್ಡ ಜಗಳ ನಡೆಯುತ್ತಿದೆ. ಜೋರು ಮಳೆ ಬಂದಾಗ ಒಳಚರಂಡಿಗಳು ತುಂಬಿ, ಕೊಳಚೆ ನೀರು ಶುದ್ಧವಾಗದೆ ನೇರ ನದಿಗೆ, ಸಮುದ್ರಕ್ಕೆ ಹೋಗುತ್ತದೆ. 2024ರಲ್ಲಿ ಹೀಗೆ ಕೊಳಚೆ ಹರಿದ ಸಮಯವನ್ನು ಕೂಡಿಸಿದರೆ 36 ಲಕ್ಷ ಗಂಟೆ ದಾಟುತ್ತದೆ. ಲಂಡನ್ನಿಗೆ ನೀರು ಕೊಡುವ ಥೇಮ್ಸ್ ವಾಟರ್ ಕಂಪನಿಗೆ 2025ರ ಮೇ ತಿಂಗಳಲ್ಲಿ 12.27 ಕೋಟಿ ಪೌಂಡ್ ದಂಡ ಬಿತ್ತು. ಕೊಳಚೆ ನಿರ್ವಹಣೆಯ ಲೋಪ ಮತ್ತು ನಿಯಮ ಮೀರಿ ಹಂಚಿದ ಲಾಭಾಂಶ, ಎರಡಕ್ಕೂ ಸೇರಿ. ಜುಲೈನಲ್ಲಿ, ನೀರಿನ ವ್ಯವಸ್ಥೆಯನ್ನು ಪರಿಶೀಲಿಸಿದ ಸರ್ ಜಾನ್ ಕನ್ಲಿಫ್ ಆಯೋಗ, ದಂಡ ಹಾಕಿದ ಆಫ್‌ವಾಟ್ ಎಂಬ ನಿಯಂತ್ರಣ ಸಂಸ್ಥೆಯನ್ನೇ ಮುಚ್ಚಿ ಹೊಸದನ್ನು ಕಟ್ಟಿ ಎಂದಿತು. ಸರ್ಕಾರ ಅದಕ್ಕೆ ಒಪ್ಪಿತು.

ಈ ಸಿಟ್ಟು ನ್ಯಾಯವಾದದ್ದೇ. ಆದರೆ ಇಡೀ ಚರ್ಚೆ ನದಿಗೆ ಏನು ಸುರಿಯುತ್ತಾರೆ ಎಂಬುದರ ಸುತ್ತಲೇ ತಿರುಗುತ್ತಿದೆ. ನದಿಯಿಂದ ಏನು ತೆಗೆಯುತ್ತಾರೆ ಎಂಬುದು ಅಷ್ಟಾಗಿ ಕಾಣುವುದಿಲ್ಲ, ಯಾಕೆಂದರೆ ತೆಗೆಯುವ ಕೆಲಸ ನಡೆಯುವುದು ನೆಲದ ಕೆಳಗೆ. ಇದನ್ನು ಅರ್ಥ ಮಾಡಿಕೊಳ್ಳಲು ದಕ್ಷಿಣ ಲಂಡನ್ನಿನ ವಾಂಡಲ್ ನದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಉದ್ದ ಸುಮಾರು 14 ಕಿ.ಮೀ. ಅಷ್ಟೇ. ಆದರೆ ಅಂತರ್ಜಲ ಯಾರದು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಕೊಟ್ಟ ಉತ್ತರ ಹುಟ್ಟಿದ್ದು ಈ ನದಿಯ ಜಗಳದಲ್ಲಿ. ಆ ಉತ್ತರ ಸಮುದ್ರ ದಾಟಿ ನಮ್ಮ ಬೋರ್‌ವೆಲ್‌ಗಳವರೆಗೂ ಬಂದಿದೆ.

ಮೊದಲು ನದಿ ಹೇಗೆ ಹುಟ್ಟುತ್ತದೆ ನೋಡೋಣ. ಲಂಡನ್ನಿನ ದಕ್ಷಿಣಕ್ಕೆ ನಾರ್ತ್ ಡೌನ್ಸ್ ಎಂಬ ತಗ್ಗು ಗುಡ್ಡಗಳ ಸಾಲು ಇದೆ. ಇಡೀ ಗುಡ್ಡವೇ ಚಾಕ್, ಅಂದರೆ ಬಿಳಿಯ ಮೆತ್ತನೆ ಸುಣ್ಣಕಲ್ಲು. ಚಳಿಗಾಲದ ಮಳೆಯನ್ನು ಅದು ಸ್ಪಂಜಿನಂತೆ ಹೀರಿಕೊಂಡು, ತಿಂಗಳುಗಟ್ಟಲೆ ಒಳಗೆ ಇಟ್ಟುಕೊಂಡು, ನಿಧಾನವಾಗಿ ಗುಡ್ಡದ ಬುಡದಲ್ಲಿ ಚಿಲುಮೆಗಳಾಗಿ ಹೊರಗೆ ಬಿಡುತ್ತದೆ. ಕಲ್ಲಿನೊಳಗೆ ಸೋಸಿ ಬರುವ ಈ ನೀರು ತಿಳಿಯಾಗಿರುತ್ತದೆ, ಬೇಸಿಗೆ ಚಳಿಗಾಲ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ತಂಪು. ಟ್ರೌಟ್ ಮೀನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಇಂಥ ಚಾಕ್ ಹೊಳೆಗಳು ಜಗತ್ತಿನಲ್ಲೇ ಅಪರೂಪ. ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ವಾಂಡಲ್ ಅವುಗಳಲ್ಲಿ ಒಂದು. ಒಂದು ಕವಲು ಕ್ರಾಯ್ಡನ್ ಕಡೆಯಿಂದ, ಇನ್ನೊಂದು ಕಾರ್ಶಲ್ಟನ್ ಊರಿನ ಕೊಳಗಳಿಂದ ಬರುತ್ತದೆ. ಎರಡೂ ಕೂಡಿ ಮಿಚಮ್, ಮರ್ಟನ್ ದಾಟಿ ವಾಂಡ್ಸ್‌ವರ್ತ್‌ನಲ್ಲಿ ಥೇಮ್ಸ್ ಸೇರುತ್ತವೆ.

ಅಂದರೆ ಈ ನದಿಯ ಮೂಲ ಯಾವುದೋ ಬೆಟ್ಟದ ತುದಿಯಲ್ಲಿಲ್ಲ. ಅಂತರ್ಜಲದ ಮಟ್ಟ ಎಲ್ಲಿ ನೆಲವನ್ನು ಮುಟ್ಟುತ್ತದೋ ಅಲ್ಲಿಂದ ನದಿ ಶುರು. ಮಟ್ಟ ಇಳಿದರೆ ನದಿಯ ಹುಟ್ಟೂ ಕೆಳಕ್ಕೆ ಜಾರುತ್ತದೆ.

ನದಿ ಚಿಕ್ಕದಾದರೂ ಇಳಿಜಾರು ಚೆನ್ನಾಗಿದೆ, ಹರಿವು ಮೊದಲು ನಂಬಿಕಸ್ಥವಾಗಿತ್ತು. ಹಾಗಾಗಿ ನೀರಿನ ಚಕ್ರ ತಿರುಗಿಸಲು ಹೇಳಿ ಮಾಡಿಸಿದ ಜಾಗ. 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲೇ ಇಲ್ಲಿ 13 ಗಿರಣಿಗಳ ಲೆಕ್ಕ ಸಿಗುತ್ತದೆ. ಆಮೇಲೆ ಹಿಟ್ಟು, ಎಣ್ಣೆ, ಕಾಗದ, ತಾಮ್ರ, ನಶ್ಯ, ಬಟ್ಟೆ, ಹೀಗೆ ಒಂದೊಂದಾಗಿ ಬಂದವು. 19ನೇ ಶತಮಾನದ ಹೊತ್ತಿಗೆ ಗಿರಣಿಗಳು 40ರ ಆಸುಪಾಸಿನಲ್ಲಿದ್ದವು.

ಬಟ್ಟೆಯ ಕಥೆಯಲ್ಲಿ ನಮ್ಮ ಪಾಲೂ ಇದೆ. ಭಾರತದ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಇಂಗ್ಲೆಂಡಿನ ಜನ ಮರುಳಾಗಿದ್ದರು. ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಮಾಡಿದ ಮೇಲೆ, 1700ರಲ್ಲಿ ಸಂಸತ್ತು ಅಚ್ಚು ಬಟ್ಟೆಯ ಆಮದನ್ನು ನಿಷೇಧಿಸಿತು. ಆದರೆ ಬಿಳಿ ಬಟ್ಟೆ ತರುವುದಕ್ಕೆ ಅಡ್ಡಿ ಇರಲಿಲ್ಲ. ಸರಿ, ನಮ್ಮ ನೇಕಾರರು ನೇಯ್ದ ಬಿಳಿ ಬಟ್ಟೆ ಹಡಗಿನಲ್ಲಿ ಹೋಗಿ ಲಂಡನ್ ಸುತ್ತಮುತ್ತ ಬಣ್ಣ ಪಡೆಯತೊಡಗಿತು. ಅದಕ್ಕೆ ಬೇಕಾದದ್ದು ತಿಳಿ ನೀರು ಮತ್ತು ಬಟ್ಟೆ ಹರಡಲು ಬಯಲು. ವಾಂಡಲ್ ದಂಡೆಯಲ್ಲಿ ಎರಡೂ ಇದ್ದವು. 1721ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು, 1774ರಲ್ಲಿ ಅದು ಸಡಿಲವಾಯಿತು. ಈ ಏರಿಳಿತದ ನಡುವೆಯೂ ಅಚ್ಚಿನ ಕಸುಬು ಇಲ್ಲಿ ಬೇರು ಬಿಟ್ಟಿತು. 1881ರಲ್ಲಿ ಬಟ್ಟೆ ವಿನ್ಯಾಸಕ ವಿಲಿಯಂ ಮಾರಿಸ್ ತನ್ನ ಕಾರ್ಖಾನೆಯನ್ನು ಮರ್ಟನ್ ಆಬಿಗೆ ತಂದಿದ್ದೂ ಈ ನೀರನ್ನು ನಂಬಿಯೇ. ನೀಲಿ, ಮಂಜಿಷ್ಠ ಜಾತಿಯ ಬಣ್ಣಗಳಲ್ಲಿ ಅವನ ಹೆಸರಾಂತ ಬಟ್ಟೆಗಳು ತಯಾರಾದದ್ದು ಇಲ್ಲಿ. 1884ರ ಒಂದು ವಿನ್ಯಾಸಕ್ಕೆ ಅವನು ವಾಂಡಲ್ ಎಂದೇ ಹೆಸರಿಟ್ಟ.

ಹೀಗೆ ಎಲ್ಲರೂ ಒಂದೇ ನೀರನ್ನು ಸಾಲಾಗಿ ಬಳಸುತ್ತಿದ್ದಾಗ ಪ್ರತಿ ಹನಿಗೂ ಲೆಕ್ಕ ಇರುತ್ತದೆ. ಒಂದು ಘಟನೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1800ರ ಹೊತ್ತಿಗೆ ವಾಂಡ್ಸ್‌ವರ್ತ್‌ನಿಂದ ಕ್ರಾಯ್ಡನ್‌ಗೆ ಸರಕು ಸಾಗಿಸಲು ಕಾಲುವೆ ತೋಡುವ ಯೋಚನೆ ಇತ್ತು. ಕಾಲುವೆಗೆ ನೀರು ವಾಂಡಲ್‌ನಿಂದಲೇ ಬರಬೇಕು, ಬಂದರೆ ಗಿರಣಿಗಳಿಗೆ ಕೊರತೆ. ಎಂಜಿನಿಯರ್ ವಿಲಿಯಂ ಜೆಸಪ್ ಲೆಕ್ಕ ಹಾಕಿ, ಕಾಲುವೆ ಬೇಡ, ಕಬ್ಬಿಣದ ಹಳಿ ಹಾಕಿ ಎಂದ. ಹಾಗೆ 1803ರಲ್ಲಿ ಸರ್ರೆ ಐರನ್ ರೈಲ್ವೆ ಶುರುವಾಯಿತು. ಕುದುರೆ ಎಳೆಯುತ್ತಿದ್ದ, ಸಾರ್ವಜನಿಕರಿಗೆ ತೆರೆದ ಸರಕು ರೈಲು ಅದು. ರೈಲ್ವೆ ಇತಿಹಾಸದವರು ಇದನ್ನು ಮೊದಲ ಸಾಲಿನಲ್ಲಿ ನಿಲ್ಲಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇದು: ಒಂದು ಪುಟ್ಟ ನದಿಯ ನೀರು ಕಡಿಮೆಯಾಗಬಾರದು ಎಂದು ಒಂದು ದೊಡ್ಡ ಯೋಜನೆಯನ್ನೇ ಬದಲಾಯಿಸಿದ್ದರು.

ಐವತ್ತು ವರ್ಷದೊಳಗೆ ಆ ಎಚ್ಚರ ಮುರಿದುಬಿತ್ತು. ಮುರಿದವರು ಲಾಭಕೋರರಲ್ಲ. ಕ್ರಾಯ್ಡನ್ ವೇಗವಾಗಿ ಬೆಳೆಯುತ್ತಿತ್ತು. ಬಡವರ ಕೇರಿಗಳಲ್ಲಿ ಬಾವಿ ಮತ್ತು ಕಕ್ಕಸು ಗುಂಡಿ ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಕಾಲರಾ ಬಂದರೆ ಬೀದಿಗೆ ಬೀದಿಯೇ ನರಳುತ್ತಿತ್ತು. 1849ರಲ್ಲಿ ಅಲ್ಲಿ ಸ್ಥಳೀಯ ಆರೋಗ್ಯ ಮಂಡಳಿ ಹುಟ್ಟಿತು. ದೇಶದಲ್ಲೇ ಮೊದಮೊದಲಿನ ಮಂಡಳಿಗಳಲ್ಲಿ ಅದೂ ಒಂದು. ಕೊಳಾಯಿಯಲ್ಲಿ ಶುದ್ಧ ನೀರು, ಕೊಳವೆಯಲ್ಲಿ ಕೊಳಚೆ, ಇದು ಮಂಡಳಿಯ ಗುರಿ. ಇದಕ್ಕಿಂತ ಪುಣ್ಯದ ಕೆಲಸ ಯಾವುದಿದೆ? ಅವರು ತಮ್ಮದೇ ಜಾಗದಲ್ಲಿ, ನದಿಯಿಂದ ಸುಮಾರು ಕಾಲು ಮೈಲಿ ದೂರದಲ್ಲಿ, 74 ಅಡಿ ಆಳದ ಬಾವಿ ತೋಡಿ ಚಾಕ್‌ನಿಂದ ನೀರೆತ್ತಿದರು. ದಿನಕ್ಕೆ 5ರಿಂದ 6 ಲಕ್ಷ ಗ್ಯಾಲನ್. ನಮ್ಮ ಲೆಕ್ಕದಲ್ಲಿ 23ರಿಂದ 27 ಲಕ್ಷ ಲೀಟರ್.

ಕೆಳಗಡೆ ಚೇಸ್‌ಮೋರ್ ಎಂಬ ಗಿರಣಿಯವನಿದ್ದ. ಅವನ ಗಿರಣಿ ತುಂಬಾ ಹಳೆಯದು, 60 ವರ್ಷಕ್ಕೂ ಹೆಚ್ಚು ಕಾಲದಿಂದ ನದಿಯ ಹರಿವನ್ನು ಬಳಸುತ್ತಿತ್ತು. ಬಾವಿ ಬಂದ ಮೇಲೆ ಹರಿವು ಇಳಿಯಿತು. ಅವನು ಕೋರ್ಟಿಗೆ ಹೋದ. ಮಂಡಳಿಯ ಪರವಾಗಿ ರಿಚರ್ಡ್ಸ್ ಪ್ರತಿವಾದಿ. ಚೇಸ್‌ಮೋರ್ ವಿರುದ್ಧ ರಿಚರ್ಡ್ಸ್ ಎಂಬ ಈ ಮೊಕದ್ದಮೆ ಮೆಟ್ಟಿಲು ಮೆಟ್ಟಿಲು ಹತ್ತಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತಲುಪಿತು. 1859ರಲ್ಲಿ ತೀರ್ಪು ಬಂತು. ಗಿರಣಿಯವನು ಸೋತ.

ಆ ಕಾಲದ ನ್ಯಾಯಾಧೀಶರಿಗೆ ಅಂತರ್ಜಲದ ವಿಜ್ಞಾನ ಗೊತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ದಾಖಲೆ ಬೇರೆಯೇ ಹೇಳುತ್ತದೆ. ಬಾವಿ ಎತ್ತುವ ನೀರು ಇಲ್ಲದಿದ್ದರೆ ಅದು ವಾಂಡಲ್‌ಗೆ ಸೇರುತ್ತಿತ್ತು, ಅದು ಗಿರಣಿಗೆ ಗಮನಿಸುವಷ್ಟು ಉಪಯೋಗಕ್ಕೆ ಬರುತ್ತಿತ್ತು, ಇದನ್ನು ಒಪ್ಪಿಕೊಂಡೇ ವಾದ ನಡೆದದ್ದು. ನಷ್ಟವಾಗಿದೆ ಎಂಬುದು ಕೋರ್ಟಿಗೆ ಗೊತ್ತಿತ್ತು. ಆದರೆ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕು ಇಲ್ಲ ಎಂದಿತು. ತರ್ಕ ಹೀಗೆ: ಕಣ್ಣಿಗೆ ಕಾಣುವ ಹೊಳೆಯಲ್ಲಿ ಮೇಲಿನವರು ಕೆಳಗಿನವರ ಪಾಲನ್ನು ಗೌರವಿಸಬೇಕು. ಆದರೆ ನಿರ್ದಿಷ್ಟ ಕಾಲುವೆ ಇಲ್ಲದೆ ನೆಲದೊಳಗೆ ಜಿನುಗುವ ನೀರಿಗೆ ಆ ನಿಯಮ ಇಲ್ಲ. ಅಲ್ಲೂ ಹಕ್ಕು ಕೊಟ್ಟರೆ, ಎಷ್ಟೋ ಮೈಲಿ ದೂರದವನು ಕೂಡ ತನ್ನ ಜಾಗದಲ್ಲಿ ಬಾವಿ ತೋಡಲಾರ. ಅಂಥ ಹಕ್ಕಿಗೆ ಗಡಿಯೇ ಇರುವುದಿಲ್ಲ.

ಒಬ್ಬರಿಗೆ ಅನುಮಾನವಿತ್ತು. ಲಾರ್ಡ್ ವೆನ್ಸ್ಲಿಡೇಲ್ ಕೊನೆಗೆ ಉಳಿದವರ ಜತೆ ಸೇರಿದರೂ, ತನ್ನ ಜಮೀನಿನ ಬಳಕೆಗೆ ನೀರೆತ್ತುವುದು ಬೇರೆ, ಊರಿಗೆಲ್ಲ ಹಂಚಲು ಎತ್ತುವುದು ಬೇರೆ ಅಲ್ವಾ ಎಂಬ ಅಳುಕನ್ನು ಬರೆದಿಟ್ಟರು. ಆ ಅಳುಕನ್ನು ಗಟ್ಟಿಯಾಗಿ ಹಿಡಿದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತು ಎಂದು ನನ್ನ ನಂಬಿಕೆ. ಊರಿಗೆ ನೀರು ಬೇಡ ಎಂದಲ್ಲ. ಊರು ನೀರೆತ್ತಲಿ, ಗಿರಣಿಗೆ ಪರಿಹಾರ ಕೊಡಲಿ, ನದಿಗೆ ಇಷ್ಟು ಬಿಡಲೇಬೇಕು ಎಂಬ ಮಿತಿ ಇರಲಿ. ಅಷ್ಟು ಸಾಕಿತ್ತು. ಅದರ ಬದಲು ಕಾನೂನು ಒಂದೇ ನದಿಯನ್ನು ಎರಡು ತುಂಡು ಮಾಡಿತು. ಮೇಲೆ ಹರಿಯುವುದು ಎಲ್ಲರದು, ಕೆಳಗೆ ಜಿನುಗುವುದು ತೋಡಿದವನದು. 1895ರ ಬ್ರಾಡ್‌ಫರ್ಡ್ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ಬೇಕಂತಲೇ ಪಕ್ಕದವರಿಗೆ ತೊಂದರೆ ಕೊಡಲು ಅಂತರ್ಜಲ ತಡೆದರೂ ತಪ್ಪಲ್ಲ ಎಂದುಬಿಟ್ಟರು.

ನದಿಯ ಮೇಲೆ ಇದರ ಪರಿಣಾಮ ಎರಡು ಕಡೆಯಿಂದ ಬಂತು. ಮೇಲ್ಭಾಗದ ನೀರು ಕೊಳಾಯಿಗೆ ಹೋಯಿತು. ಬಳಸಿದ ನೀರು ಕೊಳಚೆಯಾಗಿ ಕೆಳಗೆ ಬಂದು ಸೇರಿತು. 1860ರ ಸುಮಾರಿಗೆ ಕ್ರಾಯ್ಡನ್ ಬೆಡಿಂಗ್ಟನ್‌ನಲ್ಲಿ ಕೊಳಚೆ ಹೊಲ ಶುರು ಮಾಡಿತು. ಕೊಳಚೆಯನ್ನು ಹುಲ್ಲುಗಾವಲಿಗೆ ಹರಿಸಿ ಸೋಸುವ ಪದ್ಧತಿ. ಅದೇ ಜಾಗದಲ್ಲಿ ಇಂದು ದೊಡ್ಡ ಸಂಸ್ಕರಣಾ ಘಟಕ ಇದೆ. ಅದರ ಕೆಳಗಿನ ವಾಂಡಲ್‌ನಲ್ಲಿ, ಬೇಸಿಗೆಯಲ್ಲಂತೂ, ಹರಿಯುವುದರಲ್ಲಿ ಬಹುಪಾಲು ಸಂಸ್ಕರಿಸಿದ ಕೊಳಚೆ ನೀರೇ. ಕ್ರಾಯ್ಡನ್ ಪೇಟೆಯೊಳಗಿನ ಹೊಳೆಯನ್ನು ಕೊಳವೆಗೆ ಹಾಕಿ ಮುಚ್ಚಿದರು. ಕಾರ್ಶಲ್ಟನ್ ಚಿಲುಮೆಗಳಲ್ಲಿ ಕಸ ಸುರಿದಿರುವುದನ್ನು ಕಂಡು ಲೇಖಕ ಜಾನ್ ರಸ್ಕಿನ್ 1860ರ ದಶಕದಲ್ಲೇ ನೊಂದು ಬರೆದ. ಮುಂದೆ ತಾಯಿಯ ನೆನಪಿಗೆ ಅಲ್ಲೊಂದು ಚಿಲುಮೆಯನ್ನು ತನ್ನ ಖರ್ಚಿನಲ್ಲಿ ಶುಚಿ ಮಾಡಿಸಿದ. 1960ರ ದಶಕದಲ್ಲಿ ವಾಂಡಲ್ ತೆರೆದ ಚರಂಡಿ ಎಂಬ ಹಣೆಪಟ್ಟಿ ಹೊತ್ತಿತ್ತು. ಮೇಲಿನ ಕಾರ್ಖಾನೆಗಳು ಯಾವ ಬಣ್ಣ ಬಿಟ್ಟವೋ ಅಂದು ನದಿಗೆ ಆ ಬಣ್ಣ.

ಇಷ್ಟಾದರೂ ಅಂತರ್ಜಲ ತನ್ನ ದಾರಿ ಮರೆಯುವುದಿಲ್ಲ. ಕ್ರಾಯ್ಡನ್‌ನ ದಕ್ಷಿಣದ ಕಣಿವೆಯಲ್ಲಿ ಬೋರ್ನ್ ಎಂಬ ಹೊಳೆ ಇದೆ. ಎಷ್ಟೋ ವರ್ಷ ಒಣಗಿಯೇ ಇರುತ್ತದೆ, ಮಳೆ ವಿಪರೀತವಾದ ಚಳಿಗಾಲದಲ್ಲಿ ಮಾತ್ರ ಎದ್ದು ಬರುತ್ತದೆ. 2014ರಲ್ಲಿ ಹಾಗೆ ಎದ್ದಾಗ ಕೆನ್ಲಿಯ ಕುಡಿಯುವ ನೀರಿನ ಘಟಕವೇ ಮುಳುಗುವ ಭಯ ಬಂತು. ಅದನ್ನು ಉಳಿಸಲು ಪರ್ಲಿಯ ರಸ್ತೆ ಅಂಡರ್‌ಪಾಸ್ ಒಂದನ್ನು ಬೇಕೆಂದೇ ನೀರಿಗೆ ಬಿಟ್ಟುಕೊಟ್ಟರು.

ಈಗ ನಮ್ಮ ಕಡೆಗೆ ಬರೋಣ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆ (ಒಬ್ಬರ ಜಮೀನಿನ ಮೇಲೆ ಇನ್ನೊಬ್ಬರಿಗಿರುವ ಬಳಕೆಯ ಹಕ್ಕುಗಳ ಕಾಯ್ದೆ) ಮೊದಲು ಜಾರಿಗೆ ಬಂದದ್ದು ಮೂರು ಪ್ರದೇಶಗಳಲ್ಲಿ: ಮದ್ರಾಸ್ ಪ್ರಾಂತ್ಯ, ಮಧ್ಯ ಪ್ರಾಂತ್ಯ ಮತ್ತು ಕೊಡಗು. ಮದ್ರಾಸ್ ಪ್ರಾಂತ್ಯದೊಳಗೆ ಆಗ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಇದ್ದವು. ಕಾಯ್ದೆಯ 7ನೇ ಸೆಕ್ಷನ್ ಜಮೀನಿನ ಮಾಲೀಕನ ಹಕ್ಕುಗಳನ್ನು ಉದಾಹರಣೆ ಕೊಟ್ಟು ವಿವರಿಸುತ್ತದೆ. ಅದರಲ್ಲೊಂದು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು. ವಾಂಡಲ್ ತೀರ್ಪಿನ ವಿಚಾರವೇ ಅಲ್ಲಿ ಸೆಕ್ಷನ್ ರೂಪದಲ್ಲಿ ಕೂತಿದೆ. ಕಾವೇರಿ ಹುಟ್ಟುವ ಜಿಲ್ಲೆಗೆ ಆ ಕಾಯ್ದೆ ಮೊದಲ ದಿನದಿಂದಲೇ ಅನ್ವಯ.

ಬಾವಿಯಿಂದ ಕೈಯಲ್ಲಿ, ಕಪಿಲೆಯಲ್ಲಿ ನೀರೆತ್ತುವ ಕಾಲಕ್ಕೆ ಆ ಹಕ್ಕಿನಿಂದ ಅಪಾಯ ಕಡಿಮೆ. ಸಾವಿರ ಅಡಿ ಬೋರ್‌ವೆಲ್ ಮತ್ತು ವಿದ್ಯುತ್ ಪಂಪ್ ಬಂದ ಮೇಲೆ ಅದೇ ಹಕ್ಕು ಬೇರೆ ರೂಪ ತಾಳಿತು. ನೂರು ಎಕರೆ ಕೆಳಗಿನ ನೀರನ್ನು ಒಂದು ಸೈಟಿನವನು ಎಳೆಯಬಹುದು. ಕರ್ನಾಟಕ 1999ರಲ್ಲಿ ಕುಡಿಯುವ ನೀರಿನ ಮೂಲಗಳನ್ನು ರಕ್ಷಿಸಲು ಕಾಯ್ದೆ ಮಾಡಿತು. ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. 2011ರಲ್ಲಿ ಅಂತರ್ಜಲ ಪ್ರಾಧಿಕಾರದ ಕಾಯ್ದೆಯೂ ಬಂತು. ಇವೆಲ್ಲ ಆ ಹಳೆಯ ಹಕ್ಕಿನ ಮೇಲೆ ಹಾಕಿದ ಬೇಲಿಗಳು. ಹಕ್ಕು ಬುಡದಲ್ಲಿ ಹಾಗೇ ಇದೆ. ಕೋಕಾ-ಕೋಲಾ ಕಾರ್ಖಾನೆ ಅಂತರ್ಜಲ ಎತ್ತುತ್ತಿದ್ದ ಕೇರಳದ ಪ್ಲಾಚಿಮಡ ಪ್ರಕರಣದಲ್ಲಿ ಇದು ಎದ್ದು ಕಂಡಿತು. ಅಂತರ್ಜಲ ಸಾರ್ವಜನಿಕ ಸೊತ್ತು ಎಂದು 2003ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2005ರಲ್ಲಿ ವಿಭಾಗೀಯ ಪೀಠ, ಜಮೀನಿನ ಮಾಲೀಕನಿಗೆ ಮಿತಿಯೊಳಗೆ ಎತ್ತುವ ಹಕ್ಕು ಇದೆ ಎಂದು ತಿರುಗಿಸಿತು.

ಇನ್ನೊಂದು ನಂಟನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕ್ರಾಯ್ಡನ್‌ನ ಅಡಿಸ್ಕೂಂಬ್‌ನಲ್ಲಿ 1809ರಿಂದ 1861ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆ ಇತ್ತು. ಗೋದಾವರಿ ಅಣೆಕಟ್ಟಿನ ಆರ್ಥರ್ ಕಾಟನ್ ಅಲ್ಲಿ ಓದಿದವರು. 1840ರ ದಶಕದಲ್ಲಿ ಓದಿದ ಇನ್ನೊಬ್ಬ ಹುಡುಗ ರಿಚರ್ಡ್ ಸ್ಯಾಂಕಿ. ಮುಂದೆ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದ ಅವರ ಹೆಸರು, 1882ರಲ್ಲಿ ಕಟ್ಟಿದ ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ ಉಳಿದಿದೆ. ಮಳೆನೀರನ್ನು ಮೇಲೆ ಹಿಡಿದಿಡುವ ಕೆರೆ, ಕೆಳಗಿನ ನೀರನ್ನು ತೋಡಿದವನಿಗೆ ಬಿಡುವ ಕಾಯ್ದೆ, ಎರಡೂ ಒಂದೇ ವರ್ಷದವು.

ಇಂಗ್ಲೆಂಡ್ ತನ್ನ ತಪ್ಪನ್ನು ನಿಧಾನವಾಗಿ ಸರಿ ಮಾಡಿಕೊಂಡಿತು. 1963ರ ಜಲಸಂಪನ್ಮೂಲ ಕಾಯ್ದೆಯ ನಂತರ ನೀರೆತ್ತಲು ಪರವಾನಗಿ ಬೇಕು. ಈಗ ದಿನಕ್ಕೆ 20 ಸಾವಿರ ಲೀಟರ್‌ಗಿಂತ ಜಾಸ್ತಿ ಎತ್ತುವವರೆಲ್ಲ ಈ ಲೆಕ್ಕಕ್ಕೆ ಬರುತ್ತಾರೆ. ಆದರೆ ಶುರುವಿನಲ್ಲೇ ಒಂದು ಎಡವಟ್ಟಾಯಿತು. ಅದಾಗಲೇ ಎತ್ತುತ್ತಿದ್ದವರಿಗೆ ಅದೇ ಪ್ರಮಾಣಕ್ಕೆ ಪರವಾನಗಿ ಕೊಟ್ಟರು, ಬಹುಪಾಲಿಗೆ ಕೊನೆಯ ದಿನಾಂಕವೇ ಇಲ್ಲ. ನದಿ ತಡೆದುಕೊಳ್ಳುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಈಗ ಕಡಿತ ಮಾಡಹೊರಟರೆ ಪರಿಹಾರದ ಪ್ರಶ್ನೆ ಏಳುತ್ತದೆ. ಹಾಗಾಗಿ 1859ರಲ್ಲಿ ಬಾವಿಗೆ ಸಿಕ್ಕ ಗೆಲುವು ಇನ್ನೂ ಕಾಗದದ ಮೇಲೆ ಬದುಕಿದೆ.

ವಾಂಡಲ್ ಮಾತ್ರ ಈ ನಡುವೆ ಜನರ ಹಟದಿಂದ ಚೇತರಿಸಿಕೊಂಡಿತು. ಕಾರ್ಖಾನೆಗಳು ಮುಚ್ಚಿದವು, ಸಂಸ್ಕರಣೆ ಸುಧಾರಿಸಿತು. ಸ್ವಯಂಸೇವಕರು ನದಿಗೆ ಇಳಿದು ಟೈರು, ಟ್ರಾಲಿ, ಕಬ್ಬಿಣ ಎತ್ತಿದರು. ಶಾಲೆಗಳ ತರಗತಿಯಲ್ಲಿ ಟ್ರೌಟ್ ಮೊಟ್ಟೆ ಮರಿ ಮಾಡಿಸಿ ನದಿಗೆ ಬಿಟ್ಟರು. 2007ರ ಸೆಪ್ಟೆಂಬರಿನಲ್ಲಿ ಬೆಡಿಂಗ್ಟನ್ ಘಟಕದಿಂದ ಶುಚಿಗೊಳಿಸುವ ಕ್ಲೋರಿನ್ ರಾಸಾಯನಿಕ ನದಿಗೆ ಸೇರಿ ಸಾವಿರಾರು ಮೀನು ಸತ್ತವು. ಥೇಮ್ಸ್ ವಾಟರ್‌ಗೆ ಬಿದ್ದ 1,25,000 ಪೌಂಡ್ ದಂಡ ಮೇಲ್ಮನವಿಯಲ್ಲಿ 50,000ಕ್ಕೆ ಇಳಿಯಿತು. ಕಂಪನಿ ನದಿಯ ಪುನಶ್ಚೇತನಕ್ಕೆ ಬೇರೆಯಾಗಿ ಹಣ ಕೊಟ್ಟಿತು. ಹಳೆಯ ಅಡ್ಡಕಟ್ಟೆಗಳನ್ನು ತೆಗೆದು, ಜಲ್ಲಿ ಹಾಸಿ, ಮೀನಿನ ದಾರಿ ಮಾಡಿದರು. ಟ್ರೌಟ್ ಮತ್ತೆ ನದಿಯಲ್ಲೇ ಮರಿ ಮಾಡತೊಡಗಿತು. 2025ರ ಫೆಬ್ರವರಿಯಲ್ಲಿ ಒಂದು ಬಸ್ ಡಿಪೋದಿಂದ ಸಾವಿರಾರು ಲೀಟರ್ ಡೀಸೆಲ್ ನದಿಗೆ ಹರಿದಾಗ ಇದೇ ಜನ ಮತ್ತೆ ದಂಡೆಗೆ ಬಂದು ನಿಂತರು. ಇಂಥವರ ಬಗ್ಗೆ ನನಗೆ ತುಂಬಾ ಗೌರವ.

ಆದರೆ ಅವರು ಎಷ್ಟೇ ದುಡಿದರೂ ಚಿಲುಮೆಯಲ್ಲಿ ನೀರು ಹುಟ್ಟಿಸಲಾರರು. ಕಾರ್ಶಲ್ಟನ್ ಕೊಳಗಳಿಗೆ ಬರಗಾಲದಲ್ಲಿ ನೀರು ಬರುವುದು ಹೇಗೆ ಗೊತ್ತಾ? ನದಿಯ ಕೆಳಗಿನಿಂದ ಪಂಪ್ ಮಾಡಿ ಮೇಲಕ್ಕೆ ತಂದು ಬಿಡುತ್ತಾರೆ. ಅದೇ ನೀರು ಮತ್ತೆ ಕೆಳಗೆ ಹರಿಯುತ್ತದೆ. ಮೀನು ಉಳಿಯಲು ಇದು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ನದಿಯ ಆರೋಗ್ಯ ಎನ್ನಲಾಗದು.

ಹಾಗಾಗಿ 2021ರ ಪರಿಸರ ಕಾಯ್ದೆಯ ಒಂದು ಅಂಶ ಕೊಳಚೆಯ ದಂಡಗಳಿಗಿಂತ ಮುಖ್ಯ ಎಂದು ನನಗನಿಸುತ್ತದೆ. 2028ರ ಜನವರಿ 1ರಿಂದ, ಪರಿಸರಕ್ಕೆ ಹಾನಿ ಮಾಡುವ ಕಾಯಂ ಪರವಾನಗಿಗಳನ್ನು ಪರಿಸರ ಏಜೆನ್ಸಿ ಪರಿಹಾರ ಕೊಡದೆಯೇ ಬದಲಾಯಿಸಬಹುದು, ರದ್ದು ಮಾಡಬಹುದು. ಚೇಸ್‌ಮೋರ್ ಸೋತ 169 ವರ್ಷಗಳ ಮೇಲೆ, ನದಿಯ ಪರವಾಗಿ ಬಾವಿಗೆ ಇಲ್ಲ ಎನ್ನುವ ಬಲ ಕಾನೂನಿಗೆ ಬರುತ್ತದೆ.

ಬಲ ಇದ್ದ ಮಾತ್ರಕ್ಕೆ ಬಳಸುತ್ತಾರೆ ಎಂದಲ್ಲ. ಬಾವಿ ನಿಲ್ಲಿಸಿದರೆ ಊರಿಗೆ ನೀರು ಬೇರೆ ಕಡೆಯಿಂದ ಬರಬೇಕು. ಆಕ್ಸ್‌ಫರ್ಡ್‌ಶೈರ್‌ನ ಆಬಿಂಗ್ಡನ್ ಹತ್ತಿರ 15,000 ಕೋಟಿ ಲೀಟರ್ ಜಲಾಶಯದ ಯೋಜನೆ ಇದೆ, ಅದು ಮುಗಿಯುವುದು 2040ರ ಸುಮಾರಿಗೆ. ಅದಕ್ಕಿಂತ ಹತ್ತಿರದಲ್ಲೇ ಸಿಗುವ ನೀರೂ ಇದೆ. ಥೇಮ್ಸ್ ವಾಟರ್ ಒಂದರ ಕೊಳವೆಗಳಿಂದಲೇ ದಿನಕ್ಕೆ 50 ಕೋಟಿ ಲೀಟರ್‌ಗಿಂತ ಜಾಸ್ತಿ ಸೋರುತ್ತದೆ. ಇನ್ನೊಂದು ಕಡೆ ಸರ್ಕಾರದ ಹೊಸ ಮನೆಗಳ ಗುರಿ ದೊಡ್ಡದಿದೆ, ಅವಕ್ಕೂ ನೀರು ಬೇಕು. 2025ರಲ್ಲಿ ಕಟ್ಟಡ ನಿರ್ಮಾಣದ ಅನುಮತಿಗೆ ಸಂಬಂಧಿಸಿದ ಯೋಜನಾ ಮಸೂದೆ ಚರ್ಚೆಗೆ ಬಂದಾಗ, ಚಾಕ್ ಹೊಳೆಗಳಿಗೆ ಅದರೊಳಗೇ ರಕ್ಷಣೆ ಬರೆಯಿರಿ ಎಂದು ಕೇಳಿದವರಿಗೆ ಸರ್ಕಾರ ಒಪ್ಪಲಿಲ್ಲ.

ಕಾರ್ಶಲ್ಟನ್ ಕೊಳಗಳು ಪಂಪ್ ಇಲ್ಲದೆ ತುಂಬಬೇಕಾದರೆ ಸುತ್ತಲಿನ ಯಾವ ಬಾವಿಯಿಂದ ಎಷ್ಟು ಕಡಿಮೆ ಎತ್ತಬೇಕು, ಅಷ್ಟು ನೀರನ್ನು ಯಾವ ಕೊಳವೆ ದುರಸ್ತಿ ಮಾಡಿ ಉಳಿಸಬಹುದು? ಇದು ಲೆಕ್ಕಕ್ಕೆ ಸಿಗುವ ಪ್ರಶ್ನೆ. 2028ಕ್ಕೆ ಮೊದಲೇ ಏಜೆನ್ಸಿ ಈ ಅಂಕಿಗಳನ್ನು ಬಾವಿವಾರು ಜನರ ಮುಂದಿಡಬೇಕು.